ಪುಕ್ಕಟೆ ಆಟದ ಲೆಕ್ಕ

ನಮ್ಮ ವಾಚನಾಲಯಕ್ಕೆ ಬರುವ ತರುಣ ಬಂಧುಗಳಲ್ಲಿ ಅನೇಕರು ಪತ್ರಿಕೆ ಓದಿ ಮಡಿಸಿಟ್ಟ ಮೇಲೆ ಮೊಬೈಲು ತೆಗೆದು ಆಟಕ್ಕೆ ತೊಡಗುವುದು ಈಗ ಸಾಮಾನ್ಯವಾಗಿದೆ. ಆಟವಾಡುವುದು ತಪ್ಪೆಂದು ಹೇಳಲು ನಾವು ಈ ಲೇಖನವನ್ನು ಬರೆಯುತ್ತಿಲ್ಲ. ಊರು ಬಿಟ್ಟು ಬಂದು, ದಿನವಿಡೀ ದುಡಿದು, ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಇರುವವರಿಗೆ ಒಂದಿಷ್ಟು ಮನರಂಜನೆ ಬೇಕೇ ಬೇಕು. ಆದರೆ ‘ಪುಕ್ಕಟೆ’ ಎಂಬ ಮಾತನ್ನು ನಂಬಿ ಒಳಗೆ ಕಾಲಿಡುವವರು ಅದರ ಬೆಲೆ ಯಾವ ರೂಪದಲ್ಲಿ ವಸೂಲಾಗುತ್ತದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದುದರಿಂದ ಇಂಥ ಆಟಗಳಲ್ಲಿ ಒಂದನ್ನು ಮಾದರಿಯಾಗಿ ತೆಗೆದುಕೊಂಡು, ಅದನ್ನು ಹೇಗೆ ಆರಂಭಿಸಬೇಕು, ಎಲ್ಲಿ ಎಚ್ಚರದಿಂದಿರಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಪಾಠದ ರೀತಿಯಲ್ಲಿ ವಿವರಿಸುತ್ತೇವೆ. ಆ ಆಟದ ಹೆಸರು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’.

ಆಟದ ಸ್ವರೂಪ

ಇದು ಪಾತ್ರ ವಹಿಸಿ ಆಡುವ ಆಟ. ಚದುರಂಗದಂತೆ ಇಬ್ಬರು ಎದುರುಬದುರು ಕುಳಿತು ಗೆದ್ದು ಸೋತು ಏಳುವಂಥದಲ್ಲ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ಸಿದ್ಧವಾಗಿರುತ್ತವೆ, ಅರ್ಥವನ್ನು ಮಾತ್ರ ವೇಷಧಾರಿಯು ತಾನೇ ಹೇಳಬೇಕು. ಇಲ್ಲಿಯೂ ಹಾಗೆಯೇ: ಊರು, ಕಾಡು, ಗಣಿ, ಪೇಟೆ, ಅರಸು, ರಾಕ್ಷಸರು ಎಲ್ಲವೂ ಸಿದ್ಧವಾಗಿವೆ, ಅಲ್ಲಿ ಮರ ಕಡಿಯಬೇಕೋ, ಮೀನು ಹಿಡಿಯಬೇಕೋ, ಕತ್ತಿ ಹಿಡಿದು ಹೋರಾಡಬೇಕೋ ಎಂಬುದನ್ನು ಆಡುವವರೇ ಗೊತ್ತುಮಾಡಿಕೊಳ್ಳಬೇಕು. ಅದೇ ಹೊತ್ತಿಗೆ ಬೇರೆ ಬೇರೆ ದೇಶಗಳ ಜನರು ತಮ್ಮ ತಮ್ಮ ವೇಷಗಳಲ್ಲಿ ಅಲ್ಲಿಯೇ ಓಡಾಡುತ್ತಿರುತ್ತಾರೆ. ಅವರೊಡನೆ ಮಾತನಾಡಬಹುದು, ವ್ಯಾಪಾರ ಮಾಡಬಹುದು, ಕೆಲವು ಸ್ಥಳಗಳಲ್ಲಿ ಕಾದಾಡಲೂಬಹುದು.

ಈ ಆಟದ ಮೂಲವಾದ ‘ರೂನ್‌ಸ್ಕೇಪ್’ 2001ನೆಯ ಇಸವಿ ಜನವರಿ 4ರಂದು ಇಂಗ್ಲೆಂಡಿನಲ್ಲಿ ಹೊರಬಂದಿತು. ಅದನ್ನು ರಚಿಸಿದವರು ಆಂಡ್ರ್ಯೂ ಗೋವರ್ ಮತ್ತು ಅವರ ಸಹೋದರ ಪಾಲ್ ಗೋವರ್. ಬಳಿಕ ಕೇಂಬ್ರಿಜ್ ನಗರದ ‘ಜಾಗೆಕ್ಸ್’ ಕಂಪನಿಯು ಅದನ್ನು ನಡೆಸಿತು. ವರ್ಷಗಳು ಕಳೆದಂತೆ ಆಟದಲ್ಲಿ ಬಹಳ ಬದಲಾವಣೆಗಳಾದುವು. ಹಳೆಯ ಆಟಗಾರರಿಗೆ ಅವು ಹಿಡಿಸಲಿಲ್ಲ. ಕಂಪನಿಯು 2013ರ ಫೆಬ್ರವರಿಯಲ್ಲಿ ಆಟಗಾರರ ಮತ ಕೇಳಿತು. ಮತವು ಹಳೆಯದರ ಕಡೆಗೆ ಬಿದ್ದುದರಿಂದ, 2007ರ ಆಗಸ್ಟಿನಲ್ಲಿ ಕಾದಿರಿಸಿದ್ದ ಪ್ರತಿಯನ್ನು ಹೊರತೆಗೆದು, ಅದೇ ತಿಂಗಳು 22ರಂದು ‘ಓಲ್ಡ್ ಸ್ಕೂಲ್’ ಎಂಬ ಹೆಸರಿನಿಂದ ಮತ್ತೆ ಆರಂಭಿಸಿತು. ಮೊದಲು ಚಂದಾದಾರರಿಗೆ ಮಾತ್ರ ಇದ್ದ ಇದರಲ್ಲಿ 2015ರ ಫೆಬ್ರವರಿಯಿಂದ ಪುಕ್ಕಟೆ ವಿಭಾಗವೂ ಸೇರಿತು. 2018ರ ಅಕ್ಟೋಬರ್ 30ರಿಂದ ಮೊಬೈಲಿನಲ್ಲಿಯೂ ಆಡಲು ಬಂದಿತು.

ನಾವು ಇದನ್ನೇ ಮಾದರಿಯಾಗಿ ಆರಿಸಿಕೊಂಡುದಕ್ಕೆ ಕಾರಣಗಳುಂಟು. ಹಳೆಯ ಕಾಲದ ಚಿತ್ರಗಳಾದುದರಿಂದ ದುಬಾರಿ ಮೊಬೈಲು ಬೇಕಾಗುವುದಿಲ್ಲ. ಆಟವು 0.6 ಸೆಕೆಂಡಿಗೊಮ್ಮೆ ಒಂದು ತಾಳ ಹಾಕಿದಂತೆ ಮುಂದೆ ಸಾಗುವುದರಿಂದ, ಬೆರಳಿನ ಚುರುಕು ಅಷ್ಟಾಗಿ ಇಲ್ಲದವರೂ, ಇಂಟರ್‌ನೆಟ್ಟಿನ ವೇಗ ಸಾಧಾರಣವಾಗಿರುವವರೂ ಆಡಬಲ್ಲರು. ಎಲ್ಲಕ್ಕಿಂತ ಮಿಗಿಲಾಗಿ, ಇದರಲ್ಲಿ ಲೆಕ್ಕವು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಈ ಒಂದು ಆಟದ ಲೆಕ್ಕ ತಿಳಿದವರಿಗೆ ಬೇರೆ ಪುಕ್ಕಟೆ ಆಟಗಳ ಲೆಕ್ಕವನ್ನು ಊಹಿಸುವುದು ಕಷ್ಟವಾಗದು.

ಆರಂಭಿಸುವ ಮುನ್ನ

ಆಟವನ್ನು ಮೊಬೈಲಿನ ಅಧಿಕೃತ ಅಂಗಡಿಯಿಂದ, ಇಲ್ಲವೇ ಕಂಪ್ಯೂಟರಿನಲ್ಲಿ ಜಾಗೆಕ್ಸ್ ಕಂಪನಿಯ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳತಕ್ಕದ್ದು. ಗೆಳೆಯರು ಕಳಿಸಿದ ಕೊಂಡಿಯನ್ನು ಒತ್ತಿ ಇಳಿಸಿಕೊಳ್ಳಕೂಡದು. 13 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕಂಪನಿಯ ನಿಯಮದಂತೆ ಖಾತೆ ತೆರೆಯಲು ಅವಕಾಶವಿಲ್ಲ.

ಖಾತೆಗೆ ಒಂದು ಇ-ಮೇಲ್ ವಿಳಾಸ ಬೇಕು. ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸದಂಥದನ್ನು ಇಡಬೇಕು. ಬ್ಯಾಂಕಿನದನ್ನೋ ಆಫೀಸಿನದನ್ನೋ ಇಲ್ಲಿಗೂ ಇಟ್ಟರೆ ಒಂದು ಕಡೆಯ ಕಳವು ಮೂರು ಕಡೆಯ ಕಳವಾಗುತ್ತದೆ. ಎರಡು ಹಂತದ ಪರಿಶೀಲನೆಯನ್ನು ಮೊದಲ ದಿನವೇ ಚಾಲೂ ಮಾಡಿ, ಆಗ ಕೊಡುವ ಬದಲಿ ಸಂಕೇತಗಳನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡಿರಿ. ಮೊಬೈಲು ಕಳೆದುಹೋದಾಗ ಅವೇ ಉಪಯೋಗಕ್ಕೆ ಬರುತ್ತವೆ. ಆಟದಲ್ಲಿ ಧರಿಸುವ ಹೆಸರಿಗೆ ನಿಮ್ಮ ನಿಜವಾದ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರುಗಳನ್ನು ಸೇರಿಸಬೇಡಿರಿ.

ಆಟದೊಳಗಿನ ಮಾತು ಇಂಗ್ಲಿಷಿನಲ್ಲಿದೆ. ಪದೇ ಪದೇ ಬರುವ ಕೆಲವು ಶಬ್ದಗಳನ್ನು ಇಲ್ಲಿ ಕೊಟ್ಟಿದ್ದೇವೆ:

ಸ್ಕಿಲ್ – ಕಸಬು. ಮರ ಕಡಿಯುವುದು, ಅಡಿಗೆ, ಮೀನುಗಾರಿಕೆ ಮುಂತಾದವು. ಪುಕ್ಕಟೆ ಆಡುವವರಿಗೆ ಇಂಥ 15 ಕಸಬುಗಳು ತೆರೆದಿವೆ.
ಲೆವೆಲ್ – ಆ ಕಸಬಿನಲ್ಲಿ ನೀವು ಏರಿದ ಮೆಟ್ಟಿಲು. 1ರಿಂದ 99ರ ವರೆಗೆ.
ಎಕ್ಸ್‌ಪಿ – ಅನುಭವದ ಅಂಕ. ಇದು ಕೂಡಿದಂತೆ ಮೆಟ್ಟಿಲು ಏರುತ್ತದೆ.
ಕ್ವೆಸ್ಟ್ – ಯಾರಾದರೊಬ್ಬರು ಒಪ್ಪಿಸುವ ಕೆಲಸ. ಅದಕ್ಕೊಂದು ಕಥೆಯೂ, ಮುಗಿಸಿದರೆ ಬಹುಮಾನವೂ ಉಂಟು.
ಇನ್ವೆಂಟರಿ – ಹೆಗಲ ಚೀಲ. ಇದರಲ್ಲಿ 28 ಅರೆಗಳು.
ವರ್ಲ್ಡ್ – ಲೋಕ. ಒಂದೇ ಆಟದ ಅನೇಕ ಪ್ರತಿಗಳು ಒಟ್ಟಿಗೆ ನಡೆಯುತ್ತವೆ. ಒಂದೊಂದರಲ್ಲಿ 2,000 ಜನರ ವರೆಗೆ ಹಿಡಿಸುತ್ತದೆ. ಪಟ್ಟಿಯಲ್ಲಿ ಪುಕ್ಕಟೆಯದು ಯಾವುದು, ಚಂದಾದಾರರದು ಯಾವುದು ಎಂದು ಗುರುತು ಹಾಕಿರುತ್ತಾರೆ.

ಮೊದಲ ದಿನ

ಹೊಸಬರು ಮೊದಲು ಕಣ್ಣು ತೆರೆಯುವುದು ‘ಟ್ಯುಟೋರಿಯಲ್ ಐಲೆಂಡ್’ ಎಂಬ ಪಾಠದ ದ್ವೀಪದಲ್ಲಿ. ಅಲ್ಲಿ ಒಬ್ಬೊಬ್ಬ ಉಪಾಧ್ಯಾಯರು ಒಂದೊಂದು ವಿದ್ಯೆಯನ್ನು ಕಲಿಸುತ್ತಾರೆ. ಮರ ಕಡಿದು ಬೆಂಕಿ ಹಚ್ಚುವುದು, ಸೀಗಡಿ ಹಿಡಿದು ಬೇಯಿಸುವುದು, ಹಿಟ್ಟು ಕಲಸಿ ರೊಟ್ಟಿ ಸುಡುವುದು, ತವರ ಮತ್ತು ತಾಮ್ರದ ಅದಿರನ್ನು ಅಗೆದು ಕರಗಿಸಿ ಕಂಚು ಮಾಡುವುದು, ಆ ಕಂಚಿನಿಂದ ಬಾಕು ಬಡಿಯುವುದು, ಇಲಿಯೊಡನೆ ಹೋರಾಡುವುದು, ಬ್ಯಾಂಕಿನಲ್ಲಿ ಸಾಮಾನಿಡುವುದು, ಕಡೆಗೆ ಒಂದು ಸಣ್ಣ ಮಂತ್ರ. ಅವಸರಪಟ್ಟು ಓದದೆ ಒತ್ತುತ್ತ ಹೋಗಬೇಡಿರಿ. ಈ ದ್ವೀಪವನ್ನು ಬಿಟ್ಟ ಮೇಲೆ ಅದೇ ಖಾತೆಯಲ್ಲಿ ಮರಳಿ ಅಲ್ಲಿಗೆ ಬರುವಂತಿಲ್ಲ.

ದ್ವೀಪದಿಂದ ಹೊರಟವರು ‘ಲಂಬ್ರಿಜ್’ ಎಂಬ ಊರಿನ ಕೋಟೆಯ ಬಳಿ ಇಳಿಯುತ್ತಾರೆ. ಕೈಯಲ್ಲಿ ಕಂಚಿನ ಕೊಡಲಿ, ಗುದ್ದಲಿ, ಬಲೆ, ಬಕೆಟ್, ಗಡಿಗೆ ಮೊದಲಾದ ಸಾಮಾನುಗಳಿರುತ್ತವೆ. ಅವನ್ನು ಭಾರವೆಂದು ಎಸೆಯಬೇಡಿರಿ; ಕೋಟೆಯ ಮೇಲಂತಸ್ತಿನಲ್ಲಿ ಬ್ಯಾಂಕು ಇದೆ, ಅಲ್ಲಿ ಇಡಬಹುದು. ಬ್ಯಾಂಕಿಗೆ ನಾಲ್ಕು ಅಂಕಿಯ ಗುಪ್ತ ಸಂಖ್ಯೆ ಹಾಕುವ ಸೌಕರ್ಯವುಂಟು. ಅದನ್ನು ಆಗಲೇ ಹಾಕಿಬಿಡಿರಿ.

ಮೊದಲ ಕೆಲಸವಾಗಿ ‘ಕುಕ್ಸ್ ಅಸಿಸ್ಟೆಂಟ್’ ಎಂಬ ಕ್ವೆಸ್ಟನ್ನು ಕೈಕೊಳ್ಳುವುದು ಸೂಕ್ತ. ಕೋಟೆಯ ಅಡಿಗೆಮನೆಯಲ್ಲಿ ಬಾಣಸಿಗನೊಬ್ಬನು ಒಡೆಯನ ಹುಟ್ಟುಹಬ್ಬಕ್ಕೆ ಕೇಕು ಮಾಡಬೇಕಾಗಿ ಸಾಮಾನಿಲ್ಲದೆ ಕೈ ಹಿಸುಕಿಕೊಳ್ಳುತ್ತಿರುತ್ತಾನೆ. ಅವನಿಗೆ ಬೇಕಾದುದು ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಗಡಿಗೆ ಹಿಟ್ಟು. ಮೊಟ್ಟೆ ಹತ್ತಿರದ ಕೋಳಿಯ ಹಟ್ಟಿಯಲ್ಲಿ ನೆಲದ ಮೇಲೆಯೇ ಸಿಕ್ಕುತ್ತದೆ. ಹಾಲನ್ನು ಹಾಲು ಕೊಡುವ ಹಸುವಿನಿಂದ ಕರೆಯಬೇಕು. ಎಲ್ಲ ಹಸುಗಳೂ ಕೊಡುವುದಿಲ್ಲ. ಹಿಟ್ಟಿನ ಕೆಲಸ ಸ್ವಲ್ಪ ಸ್ವಾರಸ್ಯವಾದುದು. ಹೊಲದಲ್ಲಿ ಗೋದಿಯನ್ನು ಕಿತ್ತುಕೊಂಡು, ಊರ ಉತ್ತರದ ಗಾಳಿಗಿರಣಿಗೆ ಹೋಗಿ, ಎಲ್ಲಕ್ಕೂ ಮೇಲಿನ ಅಂತಸ್ತಿಗೆ ಹತ್ತಿ, ಗೋದಿಯನ್ನು ಬಾಯಿತೊಟ್ಟಿಗೆ ಸುರಿಯಬೇಕು. ಬಳಿಕ ಅಲ್ಲಿಯೇ ಇರುವ ಹಿಡಿಯನ್ನು ಎಳೆಯಬೇಕು. ಆ ಮೇಲೆ ಕೆಳಗಿಳಿದು ಬಂದು ನೆಲದ ಅಂತಸ್ತಿನ ತೊಟ್ಟಿಯಿಂದ ಹಿಟ್ಟನ್ನು ಗಡಿಗೆಗೆ ತುಂಬಿಕೊಳ್ಳಬೇಕು. ಹೊಸಬರಲ್ಲಿ ಅನೇಕರು ಹಿಡಿ ಎಳೆಯುವುದನ್ನು ಮರೆತು, ಕೆಳಗೆ ಬರಿದಾದ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಮೂರೂ ಸಾಮಾನನ್ನು ಒಪ್ಪಿಸಿದರೆ ಅಡಿಗೆಯ ಕಸಬಿಗೆ 300 ಅಂಕಗಳೂ, ಒಂದು ಕ್ವೆಸ್ಟ್ ಪಾಯಿಂಟೂ, ಬಾಣಸಿಗನ ಒಲೆಯನ್ನು ಬಳಸುವ ಹಕ್ಕೂ ದೊರೆಯುತ್ತವೆ. ಆ ಒಲೆಯ ಮೇಲೆ ಆರಂಭದ ಅಡಿಗೆಗಳು ಸೀಯುವುದು ಕಡಮೆ.

ಎರಡನೆಯದಾಗಿ ‘ಶೀಪ್ ಶಿಯರರ್’. ಗಿರಣಿಯಲ್ಲಿ ಕೆಲಸ ಮಾಡುವ ನಮ್ಮ ಬಂಧುಗಳಿಗೆ ಇದು ಹಿಡಿಸೀತು. ಕುರಿಗಳ ಉಣ್ಣೆಯನ್ನು ಕತ್ತರಿಸಿ, ಕೋಟೆಯಲ್ಲಿರುವ ರಾಟೆಯ ಮೇಲೆ ನೂತು, 20 ಉಂಡೆ ನೂಲನ್ನು ರೈತನಿಗೆ ತಂದುಕೊಡಬೇಕು. ಇದರಿಂದ ಕೈಕಸಬಿಗೆ 150 ಅಂಕಗಳು. ಮೂರನೆಯದಾಗಿ, ಕೋಟೆಯ ಒಡೆಯನೊಡನೆ ಮಾತನಾಡಿ ‘ರೂನ್ ಮಿಸ್ಟರೀಸ್’ ಮಾಡಿದರೆ ಮಂತ್ರದ ಕಲ್ಲುಗಳನ್ನು ತಯಾರಿಸುವ ಕಸಬು ತೆರೆಯುತ್ತದೆ. ಈ ಮೂರು ಮುಗಿಯುವಷ್ಟರಲ್ಲಿ ಊರ ದಾರಿಗಳೂ, ಚೀಲ ಮತ್ತು ಬ್ಯಾಂಕುಗಳ ರೂಢಿಯೂ ಕೈಗೆ ಹತ್ತಿರುತ್ತವೆ.

ಹೋರಾಟವನ್ನು ಕೋಳಿಗಳಿಂದ ಆರಂಭಿಸಿ, ಬಳಿಕ ಹಸುಗಳು, ಗೋಬ್ಲಿನ್ನುಗಳು ಎಂದು ಮೇಲೇರುವುದು ಸುರಕ್ಷಿತ. ಹೊರಡುವಾಗ ಬೇಯಿಸಿದ ಮೀನು ಚೀಲದಲ್ಲಿರಲಿ. ಗಾಯವನ್ನು ಮಾಯಿಸುವುದು ಆಹಾರವೇ. ಕತ್ತಿಯವನು ಬಿಲ್ಲಿನವನನ್ನು, ಬಿಲ್ಲಿನವನು ಮಾಂತ್ರಿಕನನ್ನು, ಮಾಂತ್ರಿಕನು ಕತ್ತಿಯವನನ್ನು ಮೀರಿಸುವನೆಂಬುದು ಅಲ್ಲಿನ ಸಾಮಾನ್ಯ ನಿಯಮ.

ಮೆಟ್ಟಿಲುಗಳ ಲೆಕ್ಕ

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬರುತ್ತೇವೆ. ಒಂದು ಕಸಬಿನಲ್ಲಿ ಇಂಥ ಮೆಟ್ಟಿಲನ್ನು ಮುಟ್ಟಲು ಒಟ್ಟು ಎಷ್ಟು ಅಂಕ ಬೇಕೆಂಬುದರ ಪಟ್ಟಿ ಹೀಗಿದೆ:

2ನೆಯ ಮೆಟ್ಟಿಲು – 83
10ನೆಯ ಮೆಟ್ಟಿಲು – 1,154
30ನೆಯ ಮೆಟ್ಟಿಲು – 13,363
50ನೆಯ ಮೆಟ್ಟಿಲು – 1,01,333
70ನೆಯ ಮೆಟ್ಟಿಲು – 7,37,627
92ನೆಯ ಮೆಟ್ಟಿಲು – 65,17,253
99ನೆಯ ಮೆಟ್ಟಿಲು – 1,30,34,431

ಪಟ್ಟಿಯನ್ನು ನಿಧಾನವಾಗಿ ನೋಡಿರಿ. 92ನ್ನು ಮುಟ್ಟಿದವನು ಇನ್ನು ಏಳೇ ಮೆಟ್ಟಿಲು ಉಳಿಯಿತೆಂದು ಹಿಗ್ಗುತ್ತಾನೆ. ನಿಜವಾಗಿ ಅವನು ಬಂದಿರುವುದು ಅರ್ಧ ದಾರಿ ಮಾತ್ರ. ಏಕೆಂದರೆ ಮೆಟ್ಟಿಲಿನ ಎತ್ತರವು ಸುಮಾರು ಏಳು ಮೆಟ್ಟಿಲಿಗೊಮ್ಮೆ ಇಮ್ಮಡಿಯಾಗುವಂತೆ ಕಟ್ಟಿದ್ದಾರೆ.

ಇದನ್ನೇ ಮರದ ಲೆಕ್ಕದಲ್ಲಿ ಹೇಳೋಣ. ಸಾಮಾನ್ಯ ಮರದ ಒಂದು ಕೊರಡಿಗೆ 25 ಅಂಕ. ಆದುದರಿಂದ 1ರಿಂದ 2ನೆಯ ಮೆಟ್ಟಿಲಿಗೆ ನಾಲ್ಕೇ ಕೊರಡು ಸಾಕು. ಕೆಲವೇ ನಿಮಿಷಗಳ ಕೆಲಸ. ಮೆಟ್ಟಿಲೇರಿದೊಡನೆ ಪಟಾಕಿ ಹಾರಿದಂತೆ ತೋರಿಸಿ ಅಭಿನಂದಿಸುತ್ತಾರೆ. 15ನೆಯ ಮೆಟ್ಟಿಲಿಗೆ ಓಕ್ ಮರ ಕಡಿಯುವ ಅರ್ಹತೆ ಬರುತ್ತದೆ, ಅದಕ್ಕೆ ಕೊರಡೊಂದಕ್ಕೆ 37.5 ಅಂಕ. 30ಕ್ಕೆ ವಿಲೋ ಮರ, 67.5 ಅಂಕ. ಡ್ರೇನರ್ ಹಳ್ಳಿಯ ನೀರಿನ ಬದಿಯಲ್ಲಿ, ಬ್ಯಾಂಕಿಗೆ ಸಮೀಪದಲ್ಲಿಯೇ ಈ ಮರಗಳಿರುವುದರಿಂದ ಅಲ್ಲಿ ಯಾವಾಗಲೂ ಜನ. ಈಗ 98ರಿಂದ 99ಕ್ಕೆ ಏರುವವನ ಪಾಡು ನೋಡಿರಿ. ಆ ಒಂದೇ ಮೆಟ್ಟಿಲಿಗೆ 12,28,825 ಅಂಕ ಬೇಕು. ವಿಲೋ ಮರವನ್ನೇ ಕಡಿದರೆ 18,205 ಕೊರಡುಗಳು. 28 ಅರೆಗಳ ಚೀಲವನ್ನು ತುಂಬಿ ಬರಿದು ಮಾಡುತ್ತ ಹೋದರೆ ಸುಮಾರು 650 ಸಲ. ಮೊದಲ ಮೆಟ್ಟಿಲಿಗೆ ನಾಲ್ಕು ಕೊರಡು, ಕೊನೆಯದಕ್ಕೆ ಹದಿನೆಂಟು ಸಾವಿರ! ಬೆಲೆಯುಳ್ಳ ಮರಗಳಿಂದ ಕೊರಡಿನ ಸಂಖ್ಯೆ ಕಡಮೆಯಾಗುವುದು ಹೌದು. ಆದರೆ ಅವು ನಿಧಾನವಾಗಿ ಕಡಿಯಲ್ಪಡುತ್ತವೆ. ಆದುದರಿಂದ ಕಾಲದ ಲೆಕ್ಕ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಆರಂಭದಲ್ಲಿ ಬಹುಮಾನ ಬೇಗ ಬೇಗ, ಬಳಿಕ ತಡತಡವಾಗಿ. ಬೇಗ ಸಿಕ್ಕ ಕಾಲದ ರುಚಿಯನ್ನು ನೆನೆದು, ತಡವಾಗುವ ಕಾಲದಲ್ಲಿಯೂ ಕೈ ಬಿಡದೆ ಕೂಡುವುದು ಮನುಷ್ಯ ಸ್ವಭಾವ. ಇದರಲ್ಲಿ ಮೋಸವೇನೂ ಇಲ್ಲ, ಪಟ್ಟಿ ಎಲ್ಲರಿಗೂ ತೆರೆದಿದೆ. ಆದರೆ ಪಟ್ಟಿಯನ್ನು ನೋಡದೆ ಏರತೊಡಗಿದವನಿಗೆ ಏಣಿಯ ಎತ್ತರ ಗೊತ್ತಿರುವುದಿಲ್ಲ.

ಆದುದರಿಂದ ನಾವು ಹೇಳುವುದೇನೆಂದರೆ, ಹೊಸಬರು 99ನ್ನು ಗುರಿಯಾಗಿಡದೆ, ಕೊನೆಯುಳ್ಳ ಒಂದು ಗುರಿಯನ್ನು ಇಟ್ಟುಕೊಳ್ಳಬೇಕು. ಪುಕ್ಕಟೆ ಆಡುವವರಿಗೆ ತಕ್ಕ ಗುರಿಯೆಂದರೆ ‘ಡ್ರ್ಯಾಗನ್ ಸ್ಲೇಯರ್’ ಎಂಬ ಕ್ವೆಸ್ಟ್. ಅದನ್ನು ತೊಡಗಲು 32 ಕ್ವೆಸ್ಟ್ ಪಾಯಿಂಟುಗಳು ಬೇಕು. ಅಂದರೆ ಸಣ್ಣಪುಟ್ಟ ಕಥೆಗಳನ್ನು ಬಹುಪಾಲು ಮುಗಿಸಿರಬೇಕು. ನಕ್ಷೆಯ ತುಂಡುಗಳನ್ನು ಕೂಡಿಸಿ, ಹಡಗು ಕೊಂಡು, ದ್ವೀಪಕ್ಕೆ ಹೋಗಿ ಬೆಂಕಿಯುಗುಳುವ ಘಟಸರ್ಪವನ್ನು ಕೊಲ್ಲುವುದು ಅದರ ಕಥೆ. ಅಷ್ಟಾದರೆ ಪುಕ್ಕಟೆ ವಿಭಾಗದ ತಿರುಳನ್ನೆಲ್ಲ ಕಂಡಂತಾಯಿತು. ಕಥೆ ಮುಗಿದ ಮೇಲೆ ಪುಸ್ತಕ ಮುಚ್ಚಿದಂತೆ ನಿಲ್ಲಿಸಲು ಅದು ಒಳ್ಳೆಯ ಸ್ಥಳ.

ಪೇಟೆ ಮತ್ತು ಕಾಡು

ಆಟದ ದೊಡ್ಡ ಪೇಟೆ ‘ಗ್ರ್ಯಾಂಡ್ ಎಕ್ಸ್‌ಚೇಂಜ್’, ವ್ಯಾರಕ್ ನಗರದ ವಾಯವ್ಯದಲ್ಲಿದೆ. ಇಲ್ಲಿ ಕೊಳ್ಳುವವನೂ ಮಾರುವವನೂ ಮುಖಾಮುಖಿಯಾಗಬೇಕಿಲ್ಲ. ಇಷ್ಟು ಬೆಲೆಗೆ ಇಷ್ಟು ಸರಕು ಎಂದು ಬರೆದಿಟ್ಟರೆ, ಸರಿಹೊಂದುವ ಎದುರು ಕೋರಿಕೆ ಬಂದೊಡನೆ ವ್ಯವಹಾರ ತಾನೇ ಮುಗಿಯುತ್ತದೆ. ಪುಕ್ಕಟೆ ಆಡುವವರು ಒಂದು ಸಲಕ್ಕೆ ಇಂಥ ಮೂರು ಕೋರಿಕೆಗಳನ್ನು ಇಡಬಹುದು. ಹೊಸ ಖಾತೆಗಳಿಗೆ ಕೆಲವು ಸರಕುಗಳ ವ್ಯಾಪಾರ ಸ್ವಲ್ಪ ಕಾಲದ ವರೆಗೆ ತೆರೆದಿರುವುದಿಲ್ಲ. ಕಳ್ಳ ಖಾತೆಗಳನ್ನು ತಡೆಯಲು ಮಾಡಿದ ನಿರ್ಬಂಧವದು. ಸರಕು ಕಡಮೆಯಾದಾಗ ಬೆಲೆ ಏರುವುದು, ಎಲ್ಲರೂ ಒಂದನ್ನೇ ತಂದು ಸುರಿದಾಗ ಇಳಿಯುವುದು, ಇವನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ವ್ಯಾರಕ್ ನಗರದ ಉತ್ತರಕ್ಕೆ ಒಂದು ಅಗಳು ಇದೆ. ಅದನ್ನು ದಾಟಿದರೆ ‘ವೈಲ್ಡರ್‌ನೆಸ್’ ಎಂಬ ಕಾಡು. ಅಲ್ಲಿ ಒಬ್ಬ ಆಟಗಾರನು ಇನ್ನೊಬ್ಬನ ಮೇಲೆ ಬೀಳಬಹುದು. ಕಾಡಿನ ಒಳಗೆ ಹೋದಂತೆ ಅದರ ಸಂಖ್ಯೆ ಏರುತ್ತದೆ; 5ನೆಯ ಭಾಗದಲ್ಲಿದ್ದರೆ ಹೋರಾಟದ ಮಟ್ಟದಲ್ಲಿ ನಿಮಗಿಂತ 5 ಹೆಚ್ಚು ಕಡಮೆ ಇರುವವರೆಲ್ಲ ನಿಮ್ಮ ಮೇಲೆ ಬೀಳಬಲ್ಲರು. ಅಲ್ಲಿ ಸತ್ತರೆ ಸಾಮಾನ್ಯವಾಗಿ ಬೆಲೆಯುಳ್ಳ ಮೂರು ವಸ್ತುಗಳು ಮಾತ್ರ ಉಳಿದು, ಮಿಕ್ಕದ್ದು ಕೊಂದವನ ಪಾಲು. ನೀವೇ ಮೊದಲು ಕೈ ಮಾಡಿದ್ದರೆ ಆ ಮೂರೂ ಉಳಿಯುವುದಿಲ್ಲ. ‘ಬಾ, ಅಲ್ಲಿ ಒಳ್ಳೆಯ ಗಣಿ ತೋರಿಸುತ್ತೇನೆ’ ಎಂದು ಅಪರಿಚಿತನು ಕರೆದರೆ ಅಗಳನ್ನು ದಾಟಬೇಡಿರಿ.

ವಂಚನೆಯ ಬಗೆಗಳು

ಆಟದ ನಾಣ್ಯವು ನಿಜವಾದ ಹಣವಲ್ಲವೆಂದು ಅಸಡ್ಡೆ ಮಾಡಕೂಡದು. ಅದನ್ನು ಗಳಿಸಲು ಕಳೆದ ಸಂಜೆಗಳು ನಿಜವಾದುವೇ. ಹೆಚ್ಚಾಗಿ ನಡೆಯುವ ವಂಚನೆಗಳು ಇವು:

1. ‘ನಾಣ್ಯ ಕೊಡು, ಇಮ್ಮಡಿ ಮಾಡಿ ಕೊಡುತ್ತೇನೆ.’ ಮೊದಲ ಸಲ ಸಣ್ಣ ಮೊತ್ತವನ್ನು ನಿಜವಾಗಿ ಇಮ್ಮಡಿಯಾಗಿ ಕೊಡುವುದೂ ಉಂಟು. ದೊಡ್ಡ ಮೊತ್ತ ಕೈಗೆ ಬಂದೊಡನೆ ಮನುಷ್ಯ ಮಾಯ. ಚೀಟಿಯ ಹೆಸರಿನಲ್ಲಿ ನಮ್ಮ ಚಾಳುಗಳಲ್ಲಿ ನಡೆಯುವುದೂ ಇದೇ.

2. ‘ಕವಚಕ್ಕೆ ಚಿನ್ನದ ಅಂಚು ಹಚ್ಚಿಕೊಡುತ್ತೇನೆ, ಪುಕ್ಕಟೆ.’ ಅಂಥ ಕಸಬು ಆಟದಲ್ಲಿಲ್ಲ. ಕವಚ ಹೋದದ್ದೇ ಲಾಭ.

3. ಕೊಡುಕೊಳುವಿನ ನಡುವೆ ವಸ್ತುವನ್ನು ಬದಲಿಸುವುದು. ನೇರ ವ್ಯಾಪಾರದಲ್ಲಿ ಎರಡು ಪರದೆಗಳು ಬರುತ್ತವೆ. ಎರಡನೆಯದರಲ್ಲಿ ಬರೆದಿರುವುದೇ ಅಂತಿಮ. ಎದುರಿನವನು ಎಷ್ಟೇ ಅವಸರಪಡಿಸಿದರೂ, ಅದನ್ನು ಪೂರ್ತಿ ಓದದೆ ಒಪ್ಪಬೇಡಿರಿ.

4. ಕಂಪನಿಯ ಹೆಸರಿನಲ್ಲಿ ಬರುವ ಪತ್ರ. ‘ನಿಮ್ಮ ಖಾತೆಗೆ ತೊಂದರೆ ಬಂದಿದೆ, ಇಲ್ಲಿ ಪಾಸ್‌ವರ್ಡ್ ಕೊಡಿ’ ಎಂದು ಬರೆದಿರುತ್ತದೆ. ಕಂಪನಿಯವರು ಎಂದೂ ಪಾಸ್‌ವರ್ಡ್ ಕೇಳುವುದಿಲ್ಲ.

ಆಟದ ನೆವದಿಂದ ಬ್ಯಾಂಕಿನ ನಿಜವಾದ ಹಣವೇ ಹೋಯಿತೆಂದಾದರೆ, ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಎಂಬ ಸಂಖ್ಯೆಗೆ ಫೋನ್ ಮಾಡಿರಿ. ಇದು ಸೈಬರ್ ವಂಚನೆಯ ದೂರಿಗಾಗಿ ಸರಕಾರವಿಟ್ಟಿರುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಅಷ್ಟು ಹೆಚ್ಚು.

ಕಂಪನಿಗೆ ಹಣ ಎಲ್ಲಿಂದ?

ಪುಕ್ಕಟೆ ಆಡಿಸಿ ಕಂಪನಿ ಹೇಗೆ ಬದುಕುತ್ತದೆಂದು ಕೇಳುವುದು ಜಾಣರ ಲಕ್ಷಣ. ಆಟದ ದೊಡ್ಡ ಭಾಗ, ಅಂದರೆ ಇನ್ನಷ್ಟು ಊರುಗಳು, ಕಸಬುಗಳು, ಕ್ವೆಸ್ಟುಗಳು, ಚಂದಾದಾರರಿಗೆ ಮಾತ್ರ. ಪುಕ್ಕಟೆ ಭಾಗವು ಅಂಗಡಿಯ ಮುಂದಿಟ್ಟ ಮಾದರಿಯ ತಟ್ಟೆ ಇದ್ದಂತೆ. ಹೊಟ್ಟೆಗೂ ಸಾಕಾದೀತು, ಒಳಗೆ ಕರೆಯಲೂ ಸಾಕು.

ಚಂದಾ ಕಟ್ಟುವುದು ತಪ್ಪಲ್ಲ. ಸಿನೆಮಾ ಟಿಕೇಟಿನಂತೆ ಅದೂ ಒಂದು ಖರ್ಚು. ಆದರೆ ಅದು ತಿಂಗಳು ತಿಂಗಳೂ ತಾನಾಗಿ ಮುಂದುವರಿಯುವಂತೆ ಏರ್ಪಾಟಾಗಿರಬಹುದು. ಕಾರ್ಡಿನಿಂದ ಹೀಗೆ ತಾನಾಗಿ ಹಣ ಹೋಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಗ್ರಾಹಕರಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವು 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆ ಸಂದೇಶಗಳನ್ನು ಓದದೆ ಅಳಿಸಬೇಡಿರಿ. ಯು.ಪಿ.ಐ. ಬಳಸುವವರು ಅದರಲ್ಲಿಯ ‘ಆಟೋಪೇ’ ಪಟ್ಟಿಯನ್ನು ಪಗಾರದ ಮುಂಚಿನ ವಾರದಲ್ಲಿ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳಿರಿ.

‘ಬಾಂಡ್’ ಎಂಬುದೊಂದು ವಸ್ತುವೂ ಉಂಟು. ಹಣವುಳ್ಳವನು ಅದನ್ನು ಕಂಪನಿಯಿಂದ ಕೊಂಡು ಆಟದ ಪೇಟೆಯಲ್ಲಿ ನಾಣ್ಯಕ್ಕೆ ಮಾರುತ್ತಾನೆ. ಹಣವಿಲ್ಲದವನು ನಾಣ್ಯ ಕೂಡಿಸಿ ಅದನ್ನು ಕೊಂಡು 14 ದಿನಗಳ ಚಂದಾ ಪಡೆಯುತ್ತಾನೆ. ಒಬ್ಬನ ಹಣ, ಇನ್ನೊಬ್ಬನ ಕಾಲ, ಎರಡೂ ಅಲ್ಲಿ ಅದಲುಬದಲಾಗುತ್ತವೆ. ಬಾಂಡಿಗಾಗಿ ನಾಣ್ಯ ಕೂಡಿಸುತ್ತಿರುವವರು, ತಾವು ಎಷ್ಟು ಗಂಟೆಗಳನ್ನು ಕೊಟ್ಟು 14 ದಿನಗಳನ್ನು ಕೊಳ್ಳುತ್ತಿದ್ದೇವೆಂದು ಬರೆದಿಟ್ಟು ನೋಡಬೇಕು.

ಇದರಿಂದ ಸಂಪಾದಿಸಬಹುದೇ?

ಈ ಪ್ರಶ್ನೆಯನ್ನು ಕೇಳದ ತರುಣರು ವಿರಳ. ನೇರವಾದ ಉತ್ತರ: ಇಲ್ಲ. ಆಟದ ನಾಣ್ಯವನ್ನು ಹೊರಗೆ ನಿಜವಾದ ಹಣಕ್ಕೆ ಮಾರುವುದೂ ಕೊಳ್ಳುವುದೂ ಕಂಪನಿಯ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯನ್ನೇ ಮುಚ್ಚುತ್ತಾರೆ. 2017ರಿಂದೀಚೆಗೆ ವೆನೆಜುವೆಲ ದೇಶದಲ್ಲಿ ಹಣದ ಬೆಲೆ ಪಾತಾಳಕ್ಕಿಳಿದಾಗ, ಅಲ್ಲಿಯ ಅನೇಕರು ಈ ಆಟದಲ್ಲಿ ಹಗಲಿರುಳು ಹಸುರು ಡ್ರ್ಯಾಗನ್‌ಗಳನ್ನು ಕೊಂದು, ಬಂದ ನಾಣ್ಯವನ್ನು ಹೊರಗೆ ಮಾರಿ ಹೊಟ್ಟೆ ಹೊರೆದರು. ಪಗಾರಕ್ಕೆ ಬೆಲೆಯೇ ಇಲ್ಲದಾದ ದೇಶದ ಜನರ ಕಷ್ಟದ ದಾರಿಯದು. ಅವರನ್ನು ಹಳಿಯುವ ಮನಸ್ಸು ನಮಗಿಲ್ಲ. ಆದರೆ ಕೈಯಲ್ಲಿ ಕೆಲಸವಿರುವವರು ಅದನ್ನು ಉಪಕಸಬೆಂದು ತಿಳಿಯುವುದು ಲೆಕ್ಕಕ್ಕೆ ಸರಿಹೊಂದದು.

ಇನ್ನೊಂದು ಭೇದವನ್ನೂ ಸ್ಪಷ್ಟವಾಗಿ ತಿಳಿಯಬೇಕು. ಹಣ ಕಟ್ಟಿ, ಗೆದ್ದರೆ ಹಣ ಪಡೆಯುವ ಆಟಗಳು ಬೇರೆಯೇ ಜಾತಿ. ಅಂಥ ಹಣದ ಆಟಗಳನ್ನು 2025ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಮಾಡಿದ ಆನ್‌ಲೈನ್ ಆಟಗಳ ಕಾಯಿದೆಯು ನಿಷೇಧಿಸಿದೆ. ಜಾಣ್ಮೆಯ ಆಟ, ಅದೃಷ್ಟದ ಆಟ ಎಂಬ ಭೇದವನ್ನೂ ಅದು ಎಣಿಸುವುದಿಲ್ಲ. ರೂನ್‌ಸ್ಕೇಪು ಆ ಜಾತಿಗೆ ಸೇರಿದುದಲ್ಲ. ಆದರೂ ಇದರೊಳಗೂ ಪಣ ಕಟ್ಟುವ ಚಟ ನುಸುಳಿತ್ತು. ನಾಣ್ಯ ಪಣಕ್ಕಿಟ್ಟು ಇಬ್ಬರು ಕಾದಾಡುವ ‘ಡ್ಯೂಯೆಲ್ ಅರೀನಾ’ ಎಂಬ ಕಣವನ್ನು ಕಂಪನಿಯೇ 2022ರಲ್ಲಿ ಎತ್ತಿಹಾಕಿತು. ಆಟದ ಹೊರಗೆ ಯಾವನಾದರೂ ‘ಇಲ್ಲಿ ನಾಣ್ಯ ಪಣಕ್ಕಿಡು’ ಎಂದು ಕರೆದರೆ ಆ ಬಾಗಿಲಿಗೆ ಹೋಗಬೇಡಿರಿ.

ಕಾಲದ ಪಾಸ್‌ಬುಕ್ಕು

ಈ ಆಟದಲ್ಲಿ ನಮಗೆ ಮೆಚ್ಚುಗೆಯಾದ ಒಂದು ಏರ್ಪಾಟುಂಟು. ಪಾತ್ರದ ವಿವರ ತೋರಿಸುವ ಪುಟದಲ್ಲಿ ‘ಟೈಮ್ ಪ್ಲೇಡ್’ ಎಂಬ ಸಾಲಿದೆ. ಅದನ್ನು ಒತ್ತಿದರೆ ಈ ವರೆಗೆ ಒಟ್ಟು ಎಷ್ಟು ದಿನ, ಎಷ್ಟು ಗಂಟೆ ಆಡಿದ್ದೀರೆಂಬುದು ಕಾಣುತ್ತದೆ. ಇದೇ ಪುಕ್ಕಟೆ ಆಟದ ನಿಜವಾದ ಬಿಲ್ಲು. ತಿಂಗಳ ಮೊದಲ ತಾರೀಕಿಗೆ ಆ ಅಂಕಿಯನ್ನು ವಹಿಯಲ್ಲಿ ಬರೆದಿಡಿರಿ. ಮುಂದಿನ ತಿಂಗಳು ಮತ್ತೆ ಬರೆದು ಕಳೆದು ನೋಡಿರಿ.

ದಿನಕ್ಕೆ ಒಂದು ಗಂಟೆ ಎಂದರೆ ತಿಂಗಳಿಗೆ 30 ಗಂಟೆ. 8 ಗಂಟೆಯ ಪಾಳಿಯ ಲೆಕ್ಕದಲ್ಲಿ ಹೆಚ್ಚುಕಡಮೆ ನಾಲ್ಕು ಪಾಳಿ. ಇದು ಮಿತವಾದ ವಿನೋದವೆಂದು ಹೇಳಬಹುದು. ದಿನಕ್ಕೆ ಮೂರು ಗಂಟೆಯಾದರೆ 90 ಗಂಟೆ, ಹನ್ನೊಂದು ಪಾಳಿಗೂ ಮೇಲೆ. ಯಾವ ಯಜಮಾನನಾದರೂ ತಿಂಗಳಿಗೆ ಹನ್ನೊಂದು ಪಾಳಿ ಪಗಾರವಿಲ್ಲದೆ ದುಡಿ ಎಂದರೆ ನಾವು ಸಂಘ ಕಟ್ಟಿ ಬಾಗಿಲಲ್ಲಿ ನಿಲ್ಲುತ್ತೇವೆ. ಆಟವು ಕೇಳಿದರೆ ಮಾತಿಲ್ಲದೆ ಕೊಡುತ್ತೇವೆ. ಸತತವಾಗಿ 6 ಗಂಟೆ ಆಡಿದವನನ್ನು ಆಟವೇ ಹೊರಗೆ ಹಾಕುತ್ತದೆ. ಆದರೆ ಅವನು ಮತ್ತೆ ಒಳಗೆ ಬರಬಹುದು. ಆದುದರಿಂದ ಮಿತಿಯನ್ನು ಅಲ್ಲಿಂದ ನಿರೀಕ್ಷಿಸುವಂತಿಲ್ಲ.

ಆ ಗಂಟೆಗಳು ಎಲ್ಲಿಂದ ಬರುತ್ತವೆ? ಕೆಲಸದ ಗಂಟೆಗಳಿಂದ ಬರುವುದಿಲ್ಲ, ಅಲ್ಲಿ ಹಾಜರಿ ಇದೆ. ನಿದ್ದೆಯಿಂದ ಬರುತ್ತವೆ, ಊರಿಗೆ ಮಾಡಬೇಕಾದ ಫೋನಿನಿಂದ ಬರುತ್ತವೆ, ಕಟ್ಟಬೇಕೆಂದಿದ್ದ ಪರೀಕ್ಷೆಯಿಂದ ಬರುತ್ತವೆ. ರಾತ್ರಿ ಎರಡರ ವರೆಗೆ ಆಡಿ ಬೆಳಗಿನ ಪಾಳಿಗೆ ಯಂತ್ರದ ಮುಂದೆ ನಿಲ್ಲುವವನ ಕೈಬೆರಳಿಗೆ ಆಟದ ಯಾವ ಬ್ಯಾಂಕೂ ಜಾಮೀನು ಕೊಡದು. ಕುರ್ಚಿಯ ಕೆಲಸದವರಿಗೂ ತೂಕಡಿಕೆಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ಅದು ಯಾರ ತಲೆಗೆ ಬರುವುದೆಂಬುದು ಗೊತ್ತೇ ಇದೆ.

ಹೊಸಬರು ನೆನಪಿಡಬೇಕಾದುದನ್ನು ಒಟ್ಟುಗೂಡಿಸಿ ಹೇಳುತ್ತೇವೆ:

ಖಾತೆಗೆ ಪ್ರತ್ಯೇಕ ಪಾಸ್‌ವರ್ಡ್, ಎರಡು ಹಂತದ ಪರಿಶೀಲನೆ, ಬ್ಯಾಂಕಿಗೆ ಗುಪ್ತ ಸಂಖ್ಯೆ.
ಪಾಠದ ದ್ವೀಪವನ್ನು ಓದಿಕೊಂಡು ಮುಗಿಸುವುದು. ಬಳಿಕ ಲಂಬ್ರಿಜಿನ ಮೂರು ಸಣ್ಣ ಕ್ವೆಸ್ಟುಗಳು.
ಅಗಳಿನಾಚೆಗೆ ಬೆಲೆಯುಳ್ಳ ವಸ್ತು ಒಯ್ಯದಿರುವುದು. ಎರಡನೆಯ ಪರದೆಯನ್ನು ಓದದೆ ವ್ಯಾಪಾರ ಒಪ್ಪದಿರುವುದು.
ನಿಜವಾದ ಹಣಕ್ಕೆ ನಾಣ್ಯ ಕೊಳ್ಳದಿರುವುದು, ಮಾರದಿರುವುದು.
ಗುರಿಯನ್ನು ಮೊದಲೇ ಗೊತ್ತುಮಾಡಿ, ಅದು ಮುಗಿದ ದಿನ ಲೆಕ್ಕ ನೋಡುವುದು.
ಆಡಿದ ಕಾಲವನ್ನು ತಿಂಗಳಿಗೊಮ್ಮೆ ವಹಿಯಲ್ಲಿ ಬರೆಯುವುದು.

ಒಬ್ಬನೇ ಕುಳಿತು ಆಡುವುದಕ್ಕಿಂತ ಖೋಲಿಯ ಇಬ್ಬರು ಮೂವರು ಒಂದೇ ಲೋಕಕ್ಕೆ ಹೋಗಿ, ಒಬ್ಬನು ಮೀನು ಹಿಡಿದು ಇನ್ನೊಬ್ಬನು ಬೇಯಿಸಿ, ಗಂಟೆ ಮುಗಿದೊಡನೆ ಒಟ್ಟಿಗೆ ಏಳುವುದು ಲೇಸು. ಜೊತೆಯಲ್ಲಿ ಕುಳಿತವನು ಎದ್ದರೆ ನಾವೂ ಏಳುವುದು ಸುಲಭ. ಪ್ರತಿ ತಿಂಗಳ ಅಂಕಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳಿರಿ. ಅಂಕಿ ಏರುತ್ತ ಹೋದರೆ ಮುಂದಿನ ತಿಂಗಳು ಒಂದು ವಾರ ಬಿಡುವು ಕೊಡಿರಿ. ಮರಗಳು ಅಲ್ಲಿಯೇ ಇರುತ್ತವೆ. ಕಡಿದವು ಮತ್ತೆ ಬೆಳೆಯಲು ಅಲ್ಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ.